ಬದುಕಿರೋರನ್ನ ಮುಟ್ಟಲ್ಲ

ಮೂರು ದಿನ ಬ್ಯಾಗಿನಲ್ಲೇ ಮರೆತಿದ್ದ ಊಟದ ಡಬ್ಬಿಯನ್ನು ಇವತ್ತು ಬೆಳಿಗ್ಗೆ ತೆರೆದೆ. ಉಳಿದಿದ್ದ ಅರ್ಧ ಬ್ರೆಡ್ಡಿನ ಮೇಲೆ ಬಿಳಿ ನೂಲು, ನೂಲಿನ ತುದಿಗೆ ಕಪ್ಪು ಚುಕ್ಕೆ. ಒದ್ದೆ ಗೋಣಿಚೀಲದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಮಾಸ್ತಿಯ ಶಾಲೆಯಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟ ಮೇಡಂ ಕಣ್ಣ ಮುಂದೆ ಬಂದರು. ಅವರ ಹಿಂದೆಯೇ ನನ್ನ ಸಿಟ್ಟೂ ಬಂತು.

ಏಳನೇ ಕ್ಲಾಸಿನಲ್ಲಿ ಅವರು ಬ್ರೆಡ್ ತುಂಡಿಗೆ ನೀರು ಚಿಮುಕಿಸಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಬೀರುವಿನ ಮೇಲಿಟ್ಟಿದ್ದರು. ನಾಲ್ಕನೇ ದಿನ ಮುಚ್ಚಳ ತೆಗೆದಾಗ ನಾವೆಲ್ಲ ಮೂಗು ಮುಚ್ಚಿಕೊಂಡೆವು, ಅವರ ಮುಖ ಮಾತ್ರ ಅರಳಿತ್ತು. ಭೂತಕನ್ನಡಿ ಹಿಡಿದು ಒಬ್ಬೊಬ್ಬರನ್ನೂ ಕರೆದು ತೋರಿಸಿದರು.

"ಹೆದರ್ಬೇಡ್ರೋ, ಈ ಬೂಷ್ಟು ಸತ್ತಿದ್ದನ್ನ ಮಾತ್ರ ತಿನ್ನೋದು. ಬದುಕಿರೋರನ್ನ ಮುಟ್ಟಲ್ಲ."

ಅದನ್ನೇ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರು ಕೆಂಪು ಇಂಕಿನಲ್ಲಿ ರೈಟ್ ಹಾಕಿದ್ದರು...

ಕೊರೋನಾದ ಎರಡನೇ ಅಲೆ ಅವರನ್ನೂ ಬಿಡಲಿಲ್ಲ. ಮೊದಲೇ ಶುಗರ್ ಇತ್ತು, ಉಸಿರು ಉಳಿಸಲು ಸ್ಟೀರಾಯ್ಡ್ ಕೊಟ್ಟರು. ಉಸಿರೇನೋ ಉಳಿಯಿತು. ಮನೆಗೆ ಬಂದ ವಾರದಲ್ಲೇ ಕೆನ್ನೆ ಊದಿಕೊಂಡಿತು. ಬ್ಲ್ಯಾಕ್ ಫಂಗಸ್ ಎಂದರು. ಅಂದರೆ ಇದೇ, ಬ್ರೆಡ್ಡಿನ ಮೇಲೆ ಬೆಳೆಯುವ ಈ ದರಿದ್ರ ಬೂಷ್ಟಿನ ಜಾತಿಯೇ! ಡಾಕ್ಟರು ಮೊದಲು ಒಂದು ಕಣ್ಣು ತೆಗೆದರು, ಆಮೇಲೆ ಮೇಲ್ದವಡೆ. ಅಷ್ಟು ಅಕ್ಕರೆಯಿಂದ ಬೆಳೆಸಿ ತೋರಿಸಿದವರನ್ನೇ ಅದು ತಿಂದಿತು.

ನೋಡಲು ಹೋದಾಗ ಅವರ ಮಾತು ತೊದಲುತ್ತಿತ್ತು. "ನಿಮ್ಗೆಲ್ಲ ತಪ್ಪು ಹೇಳ್ಕೊಟ್ಬಿಟ್ಟೆ ಕಣೇ. ಆ ಸಾಲು ಹೊಡ್ದಾಕು."

ಹತ್ತು ದಿನಕ್ಕೆ ಹೋಗಿಬಿಟ್ಟರು.

ಈಗ ನಾನು ಮಾಲೂರಿನಲ್ಲಿ ದಿನಾ ರೈಲು ಹತ್ತಿ ಬೆಂಗಳೂರಿನ ಒಂದು ಲ್ಯಾಬಿಗೆ ಹೋಗುತ್ತೇನೆ. ಈ ಬೂಷ್ಟಿಗೆ ಲಸಿಕೆ ಹುಡುಕುವ ಕೆಲಸ. ಅದನ್ನು ಬೆಳೆಸಿ, ಬಿಸಿಗೆ ಹಿಡಿದು ಕೊಲ್ಲುತ್ತೇನೆ. ಜೊತೆಯವರಿಗೆ ಅದು ಕೆಲಸ, ನನಗೆ ಸೇಡು. ಮುಚ್ಚಿಡುವುದೇನಿದೆ? ಸತ್ತ ಬೂಷ್ಟನ್ನು ಇಲಿಯಿಂದ ತೆಗೆದ ರೋಗನಿರೋಧಕ ಜೀವಕಣಗಳಿಗೆ ತಿನ್ನಿಸುತ್ತೇವೆ. ತಿಂದ ಕಣಗಳನ್ನು ಮತ್ತೆ ಇಲಿಯ ಮೈಗೆ ಬಿಟ್ಟರೆ, ಮೇಡಂ ನಮ್ಮನ್ನು ಕರೆದು ತೋರಿಸಿದ ಹಾಗೆ, ಅವು ಉಳಿದ ಕಣಗಳಿಗೆ ಶತ್ರುವಿನ ಗುರುತು ಹೇಳಿಕೊಡುತ್ತವೆ. ಈಗ ಸತ್ತದ್ದನ್ನು ತಿನ್ನುವ ಸರದಿ ನಮ್ಮ ಕಡೆಯವರದು. ಹೀಗೆ ಲಸಿಕೆ ಕೊಟ್ಟ ಇಲಿಗಳಿಗೆ ಕಳೆದ ತಿಂಗಳು ಜೀವಂತ ಬೂಷ್ಟು ತಗಲಿಸಿದೆವು. ಹೆಚ್ಚಿನವು ಸತ್ತವು. ಮೂರು ಮಾತ್ರ ಬದುಕಿ ಕಾಳು ತಿನ್ನುತ್ತಿವೆ. ಮೂರು ಸಾಲದು, ನನಗೂ ಗೊತ್ತು.

ಡಬ್ಬಿಗೆ ಕುದಿಯುವ ನೀರು ಸುರಿದು, ಕಪ್ಪೆಲ್ಲ ಹೋಗುವವರೆಗೂ ಉಜ್ಜಿದೆ. ಕೈ ಸುಟ್ಟಿತು, ಆದರೂ ಬಿಡಲಿಲ್ಲ. ಆಮೇಲೆ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಅವರು ಹೇಳಿದ್ದರೂ ಆ ಸಾಲನ್ನು ನಾನು ಇಂದಿಗೂ ಹೊಡೆದುಹಾಕಿಲ್ಲ, ಹೊಡೆಯುವುದೂ ಇಲ್ಲ. ಅದನ್ನು ನಿಜ ಮಾಡಿಯೇ ತೀರುತ್ತೇನೆ. ರೈಟ್ ಆಗಲೇ ಬಿದ್ದಿದೆ... ನೋಡಲು ಮೇಡಂ ಇಲ್ಲ.