ಒರೆಸಿದ ಮಂಜು

ಇವತ್ತು ಬೆಳಿಗ್ಗೆ ಇಲ್ಲಿ ಗಲ್ಫಿನ ಖಾಲಿದಿಯಾದಲ್ಲಿ ಎಂಥ ಮಂಜು ಅಂದ್ರೆ, ಎದುರಿನ ಬಿಲ್ಡಿಂಗೇ ಮಾಯ. ವ್ಯಾನಿನ ಗ್ಲಾಸ್ ಒರೆಸ್ಲಿಕ್ಕೆ ಬಟ್ಟೆ ತೆಗ್ದೆ, ಕೈ ಅಲ್ಲೇ ನಿಂತಿತು. ಲಾರೆನ್ಸ್ ಮಾಮ್ ನೆನಪಾದ್ರು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವ. ಚಂದ ಮಾಡಿ ಬರಿಲಿಕ್ಕೆ ಬರುದಿಲ್ಲ, ಇದ್ದದ್ದು ಹೇಳ್ತೇನೆ. ಹಮ್ದಾನ್ ಸ್ಟ್ರೀಟಿನ ಹಿಂದೆ ನಮ್ಮ ಫ್ರೇಮ್ ಅಂಗಡಿ. ಆಗ ಮಾಮ್, ಅಂದ್ರೆ ನಂಗೆ ಮಾವನ ಹಾಗಿನವರು, ಅಲ್ಲಿ ಹಳೇ ಜನ, ನಾನು ಹೊಸಬ. ಬಂದ ಚಿತ್ರವನ್ನು ಮೊದ್ಲು ಒರೆಸ್ಬೇಕು, ಅದು ಅಂಗಡಿ ನಿಯಮ. ಇಲ್ಲಿನ ಧೂಳು ನಿಮಗೆ ಗೊತ್ತುಂಟಲ್ಲ, ಬೀಗ ಹಾಕಿದ ಕಪಾಟಿನ ಒಳಗೆ ಮಡಚಿಟ್ಟ ಅಂಗಿಯ ಮೇಲೂ ಕೂತ್ಕೊಳ್ತದೆ.

ಒಂದಿನ ಮೈಸೂರು ಕಡೆಯ ಡಾಕ್ಟರ್ ಮೇಡಂ ಒಬ್ರು ಪೈಂಟಿಂಗ್ ತಂದ್ರು. ತೀರಿಹೋದ ಅಪ್ಪ ಮಾಡಿದ್ದಂತೆ. ಒಂದು ಕೆರೆ, ನಾಲ್ಕು ಕಪ್ಪು ಮರ, ಆಚೆ ದಡದಲ್ಲಿ ಬರೀ ಬೆಳ್ಳಗೆ. ಜನ ಇಲ್ಲ, ದನ ಇಲ್ಲ, ಒಂದು ಕಾಗೆ ಸಹ ಇಲ್ಲ.

"ಅಪ್ಪನಿಗೆ ಸಿಂಬಾಲಿಸ್ಟ್ ಚಿತ್ರಗಳ ಹುಚ್ಚು" ಅಂದ್ರು.

ಅವರು ಹೋದ್ಮೇಲೆ ಕೇಳಿದೆ, "ಮಾಮ್, ಅದೆಂಥದು?"

"ಇರುವುದನ್ನು ಪೂರ್ತಿ ತೋರಿಸುದಿಲ್ಲ ಮಾರಾಯ. ಮರ ಬರೆದ್ರೆ ಬರೀ ಮರ ಅಲ್ಲ, ಮನಸ್ಸಿನ ಬೇಜಾರು. ನೋಡುವವ ಹುಡುಕ್ಬೇಕು."

"ನಂಗೆ ಹುಡುಕ್ಲಿಕ್ಕೆ ಪುರುಸೊತ್ತಿಲ್ಲ."

"ನಿಂಗೆ ಪಾಸ್‌ಪೋರ್ಟ್ ಫೋಟೋ ಸಾಕು, ಹೋಗು."

ಮಾಮ್ ಊಟಕ್ಕೆ ಹೋದಾಗ ಒರೆಸಿದೆ. ಆಚೆ ದಡದ ಬಿಳಿ ಹೋಗ್ಲಿಲ್ಲ. ಸ್ಟಿಕರ್ ತೆಗೆಯುವ ಥಿನ್ನರ್ ಹಾಕಿದೆ, ಹೋಯ್ತು. ಹಿಂದೆ ಶೀಟಿನ ಮಾಡು ಹಾಕಿದ ಒಂದು ಶೆಡ್ಡು, ಒಂದು ಪೈಪು. ನಂಗೆ ಖುಷಿ.

"ಮಾಮ್, ಈಗ ಸರಿ ಕಾಣ್ತದೆ ನೋಡಿ!"

ಮಾಮ್ ಸ್ಟೂಲಿನ ಮೇಲೆ ಕೂತುಬಿಟ್ರು. "ಅದು ಧೂಳಲ್ಲ ಕತ್ತೆ, ಮಂಜು. ಅವ್ರಪ್ಪ ಬರೆದ ಮಂಜು."

ಗಿರಾಕಿಯ ಸಾಮಾನು ಹಾಳು ಮಾಡಿದವನ ವೀಸಾ ಕ್ಯಾನ್ಸಲ್ ಅಂತ ಓನರ್ ಮೊದಲೇ ಹೇಳಿದ್ದ. ನಾನು ಬಂದು ಆರು ತಿಂಗ್ಳೂ ಆಗಿರ್ಲಿಲ್ಲ.

"ನೀನು ಬಾಯಿ ಮುಚ್ಚು" ಅಂದ್ರು ಮಾಮ್. "ನಾನು ಹೇಗೂ ಮುಂದಿನ ತಿಂಗ್ಳು ಊರಿಗೆ ಹೋಗುವವ. ನಾನೇ ಒರೆಸಿದ್ದು ಅಂತೇನೆ. ಖಲಾಸ್."

ಶನಿವಾರ ಮೇಡಂ ಬಂದ್ರು. ಮಾಮ್ ಚಿತ್ರ ಎತ್ತಿ ಟೇಬಲ್ ಮೇಲಿಟ್ರು. ಅವರು ಬಾಯಿ ತೆರೆಯುವ ಮೊದ್ಲೇ ನಾನು ಮುಂದೆ ಬಂದೆ.

"ಒರೆಸಿದ್ದು ನಾನು. ಧೂಳು ಅಂತ ತಿಳ್ದೆ" ಅಂದೆ.

ಮೇಡಂ ಬಗ್ಗಿ ಆಚೆ ದಡದ ಶೆಡ್ಡಿನ ಮೇಲೆ ಬೆರಳಿಟ್ರು.

"ಆ ಕಡೆ ಏನಿದೆ ಅಂತ ಚಿಕ್ಕವಳಿದ್ದಾಗ ದಿನಾ ಕೇಳ್ತಿದ್ದೆ. ನೀನೇ ಹೇಳು ಅಂತಿದ್ರು ಅಪ್ಪ. ದಿನಕ್ಕೊಂದು ಹೇಳ್ತಿದ್ದೆ. ಅರಮನೆ, ಆನೆ, ಸತ್ತುಹೋದ ಅಜ್ಜಿ." ಸ್ವಲ್ಪ ನಕ್ಕರು. "ಕಡೆಗೆ ನೋಡಿದ್ರೆ ಪಂಪ್‌ಶೆಡ್ಡು ಕಣೋ."

"ಬಿಳಿ ಹಚ್ಚಿ ಪುನಃ ಮುಚ್ಚಿ ಕೊಡ್ತೇನೆ ಮೇಡಂ" ಅಂದ್ರು ಮಾಮ್.

"ಬೇಡ. ಇನ್ನು ನಂಗೆ ಗೊತ್ತಿದೆಯಲ್ಲ."

ಓನರಿಗೆ ಹೇಳ್ಲಿಲ್ಲ, ತಗೊಂಡು ಹೋದ್ರು. ನನ್ನ ವೀಸಾ ಉಳೀತು, ಮಾಮ್ ಊರಿಗೆ ಹೋದ್ರು. ಮೇಡಂ ಬೈದಿದ್ರೆ ಒಳ್ಳೇದಿತ್ತು. ಬೈಗುಳ ಆದ್ರೆ ಮರೆತುಹೋಗ್ತದೆ.

ಇವತ್ತಿನ ಈ ಮಂಜಿನ ಹಿಂದೆ ಆ ಎದುರಿನ ಬಿಲ್ಡಿಂಗಿನ ಕಾರ್ ಪಾರ್ಕಿಂಗ್ ಉಂಟು, ದಿನಾ ನೋಡ್ತೇನೆ. ಆದ್ರೂ ಅಲ್ಲಿ ಮಾಮ್ ಸ್ಟೂಲ್ ಹಾಕಿ ಕೂತಿರ್ಬಹುದು ಅನ್ನಿಸ್ತು. ಬಟ್ಟೆ ಜೇಬಿಗೆ ಹಾಕಿದೆ. ಓನರ್ ಫೋನು ಬಂತು, ಯಾಕೆ ಇನ್ನೂ ಹೊರಟಿಲ್ಲ ಅಂತ.

"ಮಂಜು ಉಂಟು" ಅಂದೆ. "ಅದಾಗಿಯೇ ಹೋಗ್ಲಿ."