ಬಾಗಿಲು ಹಿಡಿದವಳು

ಎರಡು ಹಸಿರು ದೀಪ ಮಿಟುಕುತ್ತಿದ್ದವು. ಒಂದೇ ಮಿಟುಕಬೇಕಿತ್ತು.

ಆಳಂದದಲ್ಲಿ ನಾನು ಪಾಠ ಹೇಳುವ ಕಂಪ್ಯೂಟರ್ ಸೆಂಟರಿಗೆ ಇರುವುದು ಒಂದೇ ಫೋನ್ ಲೈನು. ಅದರ ಇಂಟರ್ನೆಟ್ಟನ್ನು ನಾಲ್ಕು ಕಂಪ್ಯೂಟರಿಗೆ ಹಂಚುವ ಪೆಟ್ಟಿಗೆಯೇ ರೌಟರ್; ಒಂದೊಂದು ಕಂಪ್ಯೂಟರಿಗೆ ಅದರ ಮೇಲೆ ಒಂದೊಂದು ಹಸಿರು ದೀಪ. ಹೊರಗಿನವರಿಗೆ ಅದರ ಬಾಗಿಲು ಸದಾ ಮುಚ್ಚಿರುತ್ತದೆ. ಒಳಗಿನ ಕಂಪ್ಯೂಟರ್ ಮೊದಲು ಹೊರಗೆ ಕರೆ ಕಳಿಸಬೇಕು. ಆಗ ಆ ಕಡೆಯ ಧ್ವನಿಗೆ ಒಂದು ಬಾಗಿಲು ತೆರೆಯುತ್ತದೆ, ಕರೆದ ಕಂಪ್ಯೂಟರಿಗೆ ಮಾತ್ರ. ಮಾತು ನಿಂತ ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಪೋರ್ಟ್ ಟ್ರಿಗರಿಂಗ್ ಎನ್ನುತ್ತಾರೆ. (ಸೆಟ್ ಮಾಡಿದವಳು ನಾನೇ. ಹೆಮ್ಮೆಯೂ ಇತ್ತು.) ಒಂದೇ ತೊಡಕು: ಒಬ್ಬರು ಬಾಗಿಲು ಹಿಡಿದಿರುವಾಗ ಇನ್ನೊಬ್ಬರಿಗೆ ಅದು ಸಿಗದು.

ಹೋದ ಗುರುವಾರ ಮಾದನಹಿಪ್ಪರಗಾದಿಂದ ಜೈನಬಿ ಬಂದಿದ್ದರು. ಮದುವೆಯಾಗಿ ಜೆಡ್ಡಾಕ್ಕೆ ಹೋದ ಮಗಳು ಶಾಹೀನಳ ಧ್ವನಿ ಕೇಳದೆ ಎಂಟು ತಿಂಗಳಾಗಿತ್ತು. ಒಂದು ಕಂಪ್ಯೂಟರಿನಲ್ಲಿ ಮಾತಾಡುವ ಪ್ರೋಗ್ರಾಂ ತೆರೆದು ಅವರನ್ನು ಕೂಡಿಸಿದೆ. ಮಗಳಿಗೆ ತಾಯಿಯ ಮಾತು ಕೇಳಿಸಿತು. ತಾಯಿಗೆ ಏನೂ ಕೇಳಿಸಲಿಲ್ಲ. ಪರದೆಯ ಮೇಲೆ ಬರೀ ಮಗಳು ಟೈಪ್ ಮಾಡಿದ ಅಕ್ಷರ; ಅಕ್ಷರಕ್ಕೆ ಆ ಬಾಗಿಲು ಬೇಕಿಲ್ಲ. ಜೈನಬಿಗೆ ಓದಲು ಬಾರದು, ನಾನು ಓದಿ ಹೇಳುತ್ತಿದ್ದೆ.

"ಯಾಕ್ರಿ ಮೇಡಂ, ಆಕಿ ಬಾಯಿಗಿ ಅತ್ತಿ ಬೀಗ ಹಾಕ್ಯಾಳೇನು?"

ಪಾಠಕ್ಕೆ ಬಂದಿದ್ದ ಹುಡುಗಿಯರೆಲ್ಲ ನಕ್ಕರು. ನಾನು ಪೆಟ್ಟಿಗೆ ನೋಡಿದೆ. ಎರಡನೆಯ ದೀಪ ನನ್ನ ಮೇಜಿನ ಕಂಪ್ಯೂಟರಿನದು. ಬೆಳಿಗ್ಗೆಯಿಂದ ಅದರಲ್ಲಿ ಅದೇ ಪ್ರೋಗ್ರಾಂ ತೆರೆದಿಟ್ಟಿದ್ದೆ. (ಆ ಕಡೆ ಯಾರಿದ್ದರೆಂದು ಇಲ್ಲಿ ಬರೆಯಲಾರೆ.) ಬಾಗಿಲು ಹಿಡಿದವಳು ನಾನು!

ಹೋಗಿ ಮುಚ್ಚಿದರೆ ಸಾಕಿತ್ತು. ಆದರೆ ಆ ಪರದೆಯನ್ನು ಬೆಳಗಿಸಿದರೆ ಪಕ್ಕದ ಹುಡುಗಿಯರು ನೋಡುತ್ತಿದ್ದರು. ಸೆಂಟರಿನಲ್ಲಿ ಖಾಸಗಿ ಚಾಟ್ ಕೂಡದು ಎಂದು ಬೋರ್ಡ್ ಬರೆದವಳೂ ನಾನೇ ಅಲ್ಲವೇ?

"ಆ ಕಡಿ ಮೈಕ್ ಕೆಟ್ಟದ್ರಿ," ಎಂದೆ.

ಜೈನಬಿ ಮೈಕಿಗೆ ಬಾಯಿಟ್ಟು ಗದರಿದರು. "ಏನ್ ಬೇ, ಒಂದು ಮೈಕ್ ನೋಡ್ಕೊಳಾಕ ಬರಂಗಿಲ್ಲೇನು? ನಾ ಬಸ್ಸಿನ್ಯಾಗ ನಿಂತು ಬಂದೇನಿ!"

ಪರದೆಯ ಮೇಲೆ ಉತ್ತರ ಬಂತು: ಮಾಫ್ ಮಾಡು ಅಮ್ಮಿ, ನಂದೇ ತಪ್ಪು.

ಅದನ್ನೂ ನಾನೇ ಓದಿ ಹೇಳಿದೆ. ನನ್ನ ಧ್ವನಿ ಸ್ಪಷ್ಟವಾಗಿಯೇ ಇತ್ತು.

ಲೈನ್ ಇರಲಿಲ್ಲ, ಕರೆಂಟ್ ಹೋಗಿತ್ತು, ಮೈಕ್ ಕೆಟ್ಟಿತ್ತು. ತಪ್ಪನ್ನು ಯಂತ್ರದ ಮೇಲೆ ಹಾಕಿ ನಾವು ಎಷ್ಟು ಸಲ ಪಾರಾಗಿಲ್ಲ? ಈ ಸಲ ನಾನು ಹಾಕಿದ್ದು ಯಂತ್ರದ ಮೇಲಲ್ಲ, ದೂರದಲ್ಲಿ ಒಬ್ಬಳೇ ಕೂತ ಹುಡುಗಿಯ ಮೇಲೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಾದನಹಿಪ್ಪರಗಾಕ್ಕೆ ಹೋದೆ. ನಿಜ ಹೇಳಿಬಿಡಬೇಕೆಂದೇ ಹೋದೆ. ಜೈನಬಿ ನೆರೆಯವರನ್ನೆಲ್ಲ ಕರೆದರು. "ನೋಡ್ರಿ, ನನ್ನ ಮಗಳ ಸಲುವಾಗಿ ನಿನ್ನೆ ಭಾಳ ಒದ್ದಾಡಿದ ಮೇಡಂ ಇವರೇ!"

ಕೊಟ್ಟ ಚಹಾ ಕುಡಿದೆ. ಅದೇ ಬಸ್ಸಿಗೆ ವಾಪಸು ಬಂದೆ.