ಬಿಚ್ಚಿ ಹಾಕಿದ ಎರಡನೇ ಪುಟ

ಹೋದ ವಾರ ವಿದ್ಯಾನಗರದ ಒಂದು ಗ್ಯಾರೇಜಿನ ಮುಂದೆ ಕೂತಿದ್ದೆ. ಮೊಮ್ಮಗಳು ಸ್ಕೂಟರ್ ರಿಪೇರಿಗೆ ಬಿಟ್ಟಿದ್ದಳು. ಪಕ್ಕದಲ್ಲಿ ಮೆಕ್ಯಾನಿಕ್ ಯಾರದೋ ಬೈಕಿನ ಚೈನು ಕಳಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಈ ಕಾಲದಲ್ಲಿ ಆ ಪುಣ್ಯಾತ್ಮನಿಗೆ ಸೀಮೆಎಣ್ಣೆ ಎಲ್ಲಿ ಸಿಕ್ಕಿತೋ! ಕಪ್ಪು ಜಿಡ್ಡಿನ ಜೊತೆ ಸೀಮೆಎಣ್ಣೆ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕೈಗಳು ತಾವಾಗಿಯೇ ಪಂಚೆಗೆ ಒರೆಸಿಕೊಂಡವು. ಅಚ್ಚು ಹಾಕಿದ ಮೇಲೆ ಅಕ್ಷರದ ಸೀಸದ ಮೊಳೆಗಳನ್ನು ನಾವು ಹೀಗೆಯೇ ತೊಳೆಯುತ್ತಿದ್ದೆವು. ನಾನು ಮೊಳೆ ಜೋಡಿಸುವ ಕೆಲಸದವನು. ಆ ಕೆಲಸ ಕಲಿಸಿ ಅನ್ನಕ್ಕೆ ದಾರಿ ಮಾಡಿದವರು ನಮ್ಮ ಪ್ರೆಸ್ಸಿನ ಯಜಮಾನರು. ಅವರನ್ನು ನೆನೆಯದೆ ಇರಲು ನಾನು ಬಹಳ ವರ್ಷ ಪ್ರಯತ್ನ ಮಾಡಿದ್ದೇನೆ...

ದಾವಣಗೆರೆಯ ಹಳೇ ಪೇಟೆಯ ಒಂದು ಓಣಿಯಲ್ಲಿ, ಹತ್ತಿ ಗೋದಾಮಿನ ಬೆನ್ನಿಗೆ, ಒಂದೇ ಕೋಣೆಯ ಪ್ರೆಸ್ಸು ಅದು. ಒಂದು ಟ್ರೆಡಲ್ ಯಂತ್ರ, ಅದನ್ನು ತುಳಿಯಲು ಕಿವಿ ಕೇಳದ ಒಬ್ಬ ಮುದುಕ, ಮೊಳೆ ಜೋಡಿಸಲು ನಾನು. ಲಗ್ನಪತ್ರಿಕೆ, ರಸೀತಿ ಪುಸ್ತಕ, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಹೀಗೆ ಬಂದದ್ದನ್ನೆಲ್ಲ ಅಚ್ಚು ಹಾಕುತ್ತಿದ್ದೆವು. ಇವುಗಳ ನಡುವೆ ಯಜಮಾನರ ಸ್ವಂತ ಹುಚ್ಚು ಒಂದಿತ್ತು. ಅದು ನಾಲ್ಕು ಪುಟದ ವಾರಪತ್ರಿಕೆ. ಅವರ ಮನೆ ಹರಿಹರದಲ್ಲಿ. ದಿನವೂ ಬೆಳಗಿನ ರೈಲಿಗೆ ಬರುವರು, ಸಂಜೆ ರೈಲಿಗೆ ಹೋಗುವರು. ಕರಡು ತಿದ್ದುವುದೆಲ್ಲ ರೈಲಿನಲ್ಲೇ, ಮೊಣಕಾಲ ಮೇಲೆ ಇಟ್ಟುಕೊಂಡು. ಕಲ್ಲಿದ್ದಲ ಕಿಡಿ ಹಾರಿ ಸಣ್ಣ ಸಣ್ಣ ತೂತು ಬಿದ್ದ ಕರಡನ್ನು ನನ್ನ ಕೈಗೆ ಕೊಟ್ಟು, ತೂತು ಬಿದ್ದ ಕಡೆ ಏನಿತ್ತೆಂದು ತಾವೇ ಯೋಚಿಸುತ್ತಾ ನಿಲ್ಲುತ್ತಿದ್ದರು.

ದಿವಾನರ ಕಾಲದಲ್ಲಿ ಚಳವಳಿಯ ಕರಪತ್ರ ಅಚ್ಚು ಹಾಕಿ ಜೈಲಿಗೆ ಹೋಗಿ ಬಂದವರು ಅವರು. ಆಗ ಊರಿನವರು ರೈಲ್ವೆ ಸ್ಟೇಷನ್ನಿಗೆ ಬಂದು ಹಾರ ಹಾಕಿ ಕಳಿಸಿದ್ದರಂತೆ. ಅದನ್ನು ಅವರು ಎಂದೂ ಹೇಳಿಕೊಂಡವರಲ್ಲ, ಟ್ರೆಡಲಿನ ಮುದುಕ ಹೇಳಿದ್ದು.

ಐವತ್ತರ ದಶಕದ ನಡುವಿನಲ್ಲಿ ಊರಿಗೆಲ್ಲ ಚೀನಾದ ಮೇಲೆ ಪ್ರೀತಿ ಉಕ್ಕಿತ್ತು. ಪಂಚಶೀಲ, ಹಿಂದಿ ಚೀನಿ ಭಾಯಿ ಭಾಯಿ. ನಮ್ಮ ಪೇಟೆಯ ಒಬ್ಬ ಮುಖಂಡರು, ಹತ್ತಿ ವ್ಯಾಪಾರದವರು, ಬಿಳಿ ಟೋಪಿಯವರು, ಈ ಸ್ನೇಹದ ಮೇಲೆ ಮೈದಾನದಲ್ಲಿ ಭಾಷಣ ಇಟ್ಟುಕೊಂಡರು. ಅದರ ಹ್ಯಾಂಡ್‌ಬಿಲ್ಲು ಕೆಂಪು ಮಸಿಯಲ್ಲೇ ಆಗಬೇಕೆಂದು ಹಟ ಹಿಡಿದು ನಮ್ಮಲ್ಲೇ ಅಚ್ಚು ಹಾಕಿಸಿದರು. ಯಜಮಾನರು ಅಚ್ಚು ಹಾಕಿಕೊಟ್ಟರು, ಭಾಷಣಕ್ಕೆ ಹೋಗಲಿಲ್ಲ. "ಅಣ್ಣತಮ್ಮ ಆಗೋಕಿಂತ ಮೊದ್ಲು ಬದು ಎಲ್ಲೈತೆ ಅಂತ ಕೇಳ್ಕಂಡ್ರೇನ್ರಿ?" ಎಂದು ಮುಖಂಡರನ್ನು ನಗುತ್ತಲೇ ಕೇಳಿದ್ದರು. ಅವರಿಗೆ ಅದು ಹಿಡಿಸಲಿಲ್ಲ.

ಕೆಲವು ವರ್ಷಕ್ಕೆ ಸ್ನೇಹ ಹಳಸಿತು. ಚೀನಾದವರು ನಮ್ಮ ನೆಲದಲ್ಲಿ ರಸ್ತೆ ಹಾಕಿದ್ದಾರೆ ಎಂಬ ಸುದ್ದಿ ಬಂತು. ಎರಡು ಸರ್ಕಾರಗಳ ನಡುವೆ ಓಡಾಡಿದ ಪತ್ರಗಳನ್ನು ದೆಹಲಿಯವರು ಪುಸ್ತಕ ಮಾಡಿ ಪ್ರಕಟಿಸತೊಡಗಿದರು. ಯಜಮಾನರು ಆ ಇಂಗ್ಲಿಷ್ ಪುಸ್ತಕಗಳನ್ನು ಟಪಾಲಿನಲ್ಲಿ ತರಿಸಿಕೊಂಡು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ಪತ್ರವನ್ನು ಕನ್ನಡಕ್ಕೆ ಇಳಿಸಿ ವಾರವಾರ ಎರಡನೇ ಪುಟದಲ್ಲಿ ಹಾಕಲು ಶುರುಮಾಡಿದರು. ನಮ್ಮವರ ಪತ್ರ ಎಡಗಡೆ, ಅವರ ಪತ್ರ ಬಲಗಡೆ. ಯಾರು ಸರಿ, ಯಾರು ತಪ್ಪು ಎಂದು ಒಂದು ಸಾಲನ್ನೂ ತಮ್ಮದಾಗಿ ಸೇರಿಸಲಿಲ್ಲ. ಸುಮಾರು ಮೂರು ವರ್ಷ ನಡೆಯಿತು ಈ ತಪಸ್ಸು. ನನಗಂತೂ ನಗು. ಪತ್ರದ ತುಂಬಾ ನೀವು ಸುಳ್ಳರು, ನೀವು ಒಳನುಗ್ಗಿದಿರಿ ಎಂಬ ಅರ್ಥದ ಬೈಗುಳ, ಕೊನೆಗೆ ಮಾತ್ರ 'ತಮ್ಮ ಬಗ್ಗೆ ನಮಗಿರುವ ಅತ್ಯುನ್ನತ ಗೌರವವನ್ನು ಈ ಸಂದರ್ಭದಲ್ಲಿ ಮತ್ತೊಮ್ಮೆ ತಿಳಿಸಬಯಸುತ್ತೇವೆ'. ಪ್ರತಿ ವಾರ ಅದೇ ಸಾಲು. ಪ್ರತಿ ಸಲ ಹೊಸದಾಗಿ ಜೋಡಿಸುವುದು ಬೇಸರವಾಗಿ, ಆ ಸಾಲಿನ ಮೊಳೆಗಳನ್ನು ಬಿಚ್ಚದೆ ದಾರ ಸುತ್ತಿ ಕಿಟಕಿಯ ಮೇಲೆ ಇಟ್ಟುಕೊಂಡಿದ್ದೆ. ಬೇಕಾದಾಗ ತಂದು ಕೂಡಿಸಿದರಾಯಿತು.

"ಇದನ್ನ ಯಾರ್ ಓದ್ತಾರ್ರಿ ಯಜಮಾನ್ರೇ? ಮಂಡಕ್ಕಿ ಕಟ್ಟಾಕೆ ಚಲೋ ಆಗ್ತೈತೆ ಅಷ್ಟೆ" ಎಂದು ನಾನೇ ಹಂಗಿಸಿದ್ದೆ.

ಓದುವವರು ಇದ್ದರು. ಕಡರನಾಯಕನಹಳ್ಳಿಯ ಒಬ್ಬ ರೈತ ಸಂತೆಗೆ ಬಂದಾಗ ಪ್ರೆಸ್ಸಿಗೂ ಬರುವನು. ಅವರ ಊರಿನ ಕಟ್ಟೆಯ ಮೇಲೆ ಒಂದು ಪ್ರತಿಯನ್ನು ಒಬ್ಬ ಓದುವನಂತೆ, ಹತ್ತು ಜನ ಕೇಳುವರಂತೆ. ಬದುವಿನ ಜಗಳ ಅವರಿಗೆ ಹೊಸದೇ? "ಮೋಜಣಿದಾರನ್ನ ಕರೆಸಿ ಅಳತಿ ಮಾಡಿಸಲಿಲ್ಲೇನ್ರಿ?" ಎಂದು ಒಮ್ಮೆ ಕೇಳಿದ. "ಕರೆಸಿದ್ರಪಾ. ಇವರು ಇವರ ಮೋಜಣಿದಾರನ್ನ, ಅವರು ಅವರ ಮೋಜಣಿದಾರನ್ನ" ಎಂದರು ಯಜಮಾನರು. ಆತ ಬಹಳ ಹೊತ್ತು ನಕ್ಕ. ಆಮೇಲೆ ನಗು ನಿಲ್ಲಿಸಿ, ಹಾಗಾದರೆ ಕೂತು ಮಾತಾಡಲು ಒಲ್ಲೆ ಅಂದವರು ಯಾರು ಎಂದು ಕೇಳಿದ. ಅದಿನ್ನೂ ಬಂದಿಲ್ಲ, ಬಂದಾಗ ಹಾಕುತ್ತೇನೆ ಎಂದು ಯಜಮಾನರು ಮಾತು ಕೊಟ್ಟರು.

ಅರವತ್ತೆರಡರ ಅಕ್ಟೋಬರಿನಲ್ಲಿ ಯುದ್ಧ ಬಂತು. ತುರ್ತು ಪರಿಸ್ಥಿತಿ ಸಾರಿದರು. ಊರಿಗೆ ಊರೇ ಕಾದ ಬಾಣಲೆಯಾಗಿತ್ತು. ಮೆರವಣಿಗೆಯಲ್ಲಿ ನಾನೂ ಗಂಟಲು ಹರಿಯುವಂತೆ ಕೂಗಿದೆ, ಪ್ರತಿಕೃತಿ ಸುಟ್ಟೆ. ಸುಳ್ಳು ಯಾಕೆ ಹೇಳಲಿ, ಆ ಕೋಪ ನಿಜವಾದದ್ದು. ನಮ್ಮ ಹುಡುಗರು ಹಿಮದಲ್ಲಿ ಸಾಯುತ್ತಿದ್ದರು. ಯಜಮಾನರ ಕಣ್ಣಲ್ಲೂ ನೀರು ನೋಡಿದೆ. ಆದರೆ ಅವರು ಕಣ್ಣು ಒರೆಸಿಕೊಂಡು ಮತ್ತೆ ಅದೇ ಪುಸ್ತಕ ಬಿಡಿಸಿ ಕೂತರು. ಯುದ್ಧಕ್ಕೆ ಮುಂಚಿನ ಕೊನೆಯ ಕಾಗದಗಳು ಬಂದಿದ್ದವು, ಮಾತುಕತೆ ಎಲ್ಲಿ ಮುರಿಯಿತು ಎಂಬುದು ಅವುಗಳಲ್ಲಿತ್ತು. ಎರಡು ದಿನದಲ್ಲಿ ಬರೆದು ಕೊಟ್ಟರು. ಒಳಗೊಳಗೇ ಬೈದುಕೊಂಡು ನಾನು ಜೋಡಿಸಿದೆ. ಪುಟ ಕಟ್ಟಿ ಆಗಿತ್ತು, ತಿದ್ದಲು ಕರಡಿನ ಹಾಳೆ ಇನ್ನೂ ಒತ್ತಿ ತೆಗೆದಿರಲಿಲ್ಲ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದರು.

ಒರಟರಲ್ಲ ಆತ. ಕುರ್ಚಿ ಕೊಟ್ಟರೆ ಕೂತರು, ಚಹಾ ಕುಡಿದರು. ಹಿಂದಿನ ವಾರದ ಸಂಚಿಕೆ ತೆಗೆದು, "ಶತ್ರು ದೇಶದ ಕಾಗದ ನಿಮ್ಮ ಪೇಪರಿನಾಗ ಹೆಂಗೆ ಬಂತ್ರಿ?" ಎಂದು ಕೇಳಿದರು. ಯಜಮಾನರು ಪುಸ್ತಕ ಮುಂದಿಟ್ಟರು. "ಸರ್ಕಾರನೇ ಅಚ್ಚು ಹಾಕಿಸೈತೆ ನೋಡ್ರಿ. ದಿಲ್ಲಿಯಿಂದ ತರಿಸೀನಿ." ಇನ್ಸ್‌ಪೆಕ್ಟರ್ ಹಾಳೆ ತಿರುವಿದರು, ಸರ್ಕಾರದ ಮುದ್ರೆ ನೋಡಿದರು, ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದರು.

"ಇಂಗ್ಲಿಷಿನಾಗಿದ್ರೆ ಇರ್ಲಿ ಬಿಡ್ರಿ. ಓದೋರು ಓದ್ಕಂತಾರೆ. ಕನ್ನಡದಾಗ ಯಾಕ ಹಾಕಿದ್ರಿ?"

"ಓಟು ಕೇಳೋವಾಗ ಕನ್ನಡದಾಗೇ ಕೇಳ್ತಾರಲ್ರಿ. ಯುದ್ಧದ ಕಾರಣ ಮಾತ್ರ ಇಂಗ್ಲಿಷಿನಾಗ ಇಟ್ಕಂಡ್ರೆ ಹೆಂಗೆ?"

ಇನ್ಸ್‌ಪೆಕ್ಟರ್ ನಕ್ಕರು. ನಕ್ಕು, ತಮ್ಮ ಜೇಬಿನ ನೋಟುಪುಸ್ತಕ ತೆಗೆದು ಆ ಮಾತನ್ನೇ ಬರೆದುಕೊಂಡರು. ಮಾರನೆಯ ದಿನ ಬೆಳಿಗ್ಗೆ ಯಜಮಾನರು ರೈಲಿಳಿದು ಬಂದು ಬೀಗ ತೆಗೆಯುವಾಗಲೇ ಇಬ್ಬರು ಪೊಲೀಸರು ಬಾಗಿಲಲ್ಲಿ ನಿಂತಿದ್ದರು. ಭಾರತ ರಕ್ಷಣಾ ನಿಯಮದ ಕೆಳಗೆ ಹಿಡಿದಿದ್ದೇವೆ, ಕಾರಣ ಹೇಳಬೇಕಾಗಿಲ್ಲ ಎಂದರು. ದೆಹಲಿಯ ಪುಸ್ತಕಗಳು, ಅವರ ಕೈಬರಹದ ಹಾಳೆಗಳು, ಹಳೆಯ ಸಂಚಿಕೆಗಳ ಕಟ್ಟು, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡರು. ಮೇಜಿನ ಮೇಲೆ ಕಟ್ಟಿಟ್ಟಿದ್ದ ಸೀಸದ ಪುಟವನ್ನು ಮಾತ್ರ ಅವರು ನೋಡಿಯೂ ನೋಡಲಿಲ್ಲ. ತಿರುಗುಮುರುಗಾದ ಅಕ್ಷರ ಅವರಿಗೆ ಕಬ್ಬಿಣದ ಸಾಮಾನಿನಂತೆ ಕಂಡಿರಬೇಕು. ಯಜಮಾನರು ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಎರಡನೇ ಪುಟ ಬಿಚ್ಚಬ್ಯಾಡ ತಮ್ಮಾ. ನಾ ಬಂದ ಮ್ಯಾಲೆ ಹಾಕನ." ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಈ ಸಲ ಹಾರ ಹಾಕಲು ಒಬ್ಬನೂ ಇರಲಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಪ್ರೆಸ್ಸಿನಲ್ಲಿ ಚೀನಾದ ರೇಡಿಯೋ ಇತ್ತಂತೆ, ಹರಿಹರದ ಸೇತುವೆಯ ನಕ್ಷೆ ಕಳಿಸಿದ್ದರಂತೆ! ಆ ಮುಖಂಡರೂ ಬಂದರು. ಕೆಂಪು ಮಸಿಯ ಹ್ಯಾಂಡ್‌ಬಿಲ್ಲು ಒಂದಾದರೂ ಉಳಿದಿದೆಯೇ ಎಂದು ಕಪಾಟು ತಡಕಾಡಿದರು, ಸಿಕ್ಕ ನಾಲ್ಕನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಮೇಜಿನ ಮೇಲಿನ ಪುಟ ಕಣ್ಣಿಗೆ ಬಿತ್ತು. ಹತ್ತಿ ಚೀಟಿ ಅಚ್ಚು ಹಾಕಿಸಿ ಹಾಕಿಸಿ ಮೊಳೆ ಓದುವುದು ಅವರಿಗೆ ಅಷ್ಟಿಷ್ಟು ಗೊತ್ತಿತ್ತು. "ಇದು ಇನ್ನೂ ಐತಲ್ಲೋ! ನಿಂಗೆ ಹೆಂಡ್ರು ಮಕ್ಕಳು ಬ್ಯಾಡೇನಲೇ? ಮೊದ್ಲು ಬಿಚ್ಚು. ರಕ್ಷಣಾ ನಿಧಿಯ ಕರಪತ್ರ ಹಾಕೋದೈತೆ, ಮೊಳೆ ಸಾಲಲ್ಲ" ಎಂದು ಹೇಳಿ ಹೋದರು.

ಅವರು ನನ್ನ ಕೈ ಹಿಡಿದು ಬಿಚ್ಚಿಸಲಿಲ್ಲ. ಒಂದು ದಿನ ಪೂರ್ತಿ ನಾನು ಆ ಪುಟವನ್ನು ನೋಡುತ್ತಾ ಕೂತಿದ್ದೆ. ಅದನ್ನು ಹಾಗೇ ಎತ್ತಿ ಕುಕ್ಕುವಾಡದ ನಮ್ಮ ಮನೆಯ ಅಟ್ಟಕ್ಕೆ ಸಾಗಿಸಬಹುದಿತ್ತು. ಅದೂ ಬೇಡ, ಮಸಿ ಸವರಿ ಒಂದು ಹಾಳೆ ಒತ್ತಿ ತೆಗೆದಿದ್ದರೆ ಸಾಕಿತ್ತು, ಎರಡು ನಿಮಿಷದ ಕೆಲಸ. ಮಡಚಿ ಎಲ್ಲಿ ಬೇಕಾದರೂ ಸಿಕ್ಕಿಸಿಡಬಹುದಿತ್ತು. ಮಾಡಲಿಲ್ಲ. ಹೆದರಿಕೆ ಅರ್ಧ, ಉಳಿದರ್ಧ ದೇಶಪ್ರೇಮ ಎಂದು ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಆ ದಿನಗಳಲ್ಲಿ ನನ್ನಂಥವರ ಎದೆಯೊಳಗೆ ಅವೆರಡೂ ಬೇರೆ ಬೇರೆ ಇರಲೇ ಇಲ್ಲ. ಮಾರನೆಯ ದಿನ ಪುಟದ ದಾರ ಬಿಚ್ಚಿ, ಮಸಿ ಮುಟ್ಟದಿದ್ದರೂ ರೂಢಿಯಂತೆ ಸೀಮೆಎಣ್ಣೆ ಹಚ್ಚಿ ತೊಳೆದು, ಒಂದೊಂದೇ ಮೊಳೆಯನ್ನು ಅದರದರ ಖಾನೆಗೆ ಹಾಕಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಸಂಜೆಗೆ ಅದೇ ಮೊಳೆಗಳಲ್ಲಿ ಮುಖಂಡರ ಕರಪತ್ರ ಜೋಡಿಸಿದೆ. ಅವರ ಹೆಸರಿಗೆ ದೊಡ್ಡ ಅಕ್ಷರ ಹಾಕಿದೆ.

ಯುದ್ಧ ಒಂದು ತಿಂಗಳಿಗೆ ಮುಗಿಯಿತು. ತುರ್ತು ಪರಿಸ್ಥಿತಿ ಮುಗಿಯಲು ಐದು ವರ್ಷ ದಾಟಿತು. ಶತ್ರು ತಿರುಗಿ ಹೋದರೂ ಕಾಯಿದೆ ಹೋಗಲಿಲ್ಲ, ಅದರ ರುಚಿ ಹತ್ತಿತ್ತು ಆಳುವವರಿಗೆ. ಹೋಗಲಿ ಎಂದು ಕೇಳಿದವರೂ ನಮ್ಮೂರಲ್ಲಿ ಇರಲಿಲ್ಲ. ಕಡರನಾಯಕನಹಳ್ಳಿಯ ರೈತ ಎರಡು ಸಲ ಬಂದು ಪೇಪರ್ ಯಾಕೆ ಬರಲಿಲ್ಲ ಎಂದು ವಿಚಾರಿಸಿದ. ನಿಂತು ಹೋಯಿತು ಎಂದೆ. ಮೂರನೇ ಸಲ ಬರಲಿಲ್ಲ.

ಎಂಟು ತಿಂಗಳಿಗೆ ಯಜಮಾನರು ಬಂದರು. ಜುಬ್ಬಾ ಮೈಮೇಲೆ ಜೋತು ಬಿದ್ದಿತ್ತು, ಕೆಮ್ಮು ಹಿಡಿದಿತ್ತು. ಟ್ರೆಡಲಿನ ಮುದುಕನ ಭುಜ ತಟ್ಟಿದರು, ನನ್ನ ಮಗು ಹೇಗಿದೆ ಎಂದು ಕೇಳಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಕೊನೆಗೆ ಖಾಲಿ ಮೇಜಿನ ಕಡೆ ನೋಡಿ, "ಎರಡನೇ ಪುಟ ಎಲ್ಲಿಟ್ಟೀಯೋ ತಮ್ಮಾ?" ಎಂದರು.

ಎಂಟು ತಿಂಗಳಿಂದ ಕಾಯ್ದಿಟ್ಟುಕೊಂಡಿದ್ದ ಉತ್ತರ ನನ್ನ ಬಾಯಿಯಲ್ಲಿ ಸಿದ್ಧವಾಗಿತ್ತು. "ಪೊಲೀಸರು ಮತ್ತೊಮ್ಮೆ ಬಂದಿದ್ರು ಯಜಮಾನ್ರೇ. ಅವ್ರೇ ಬಿಚ್ಚಿ ಹಾಕಿ ಹೋದ್ರು" ಎಂದೆ.

ಅವರು ಮೊಳೆಗಳ ಕೇಸಿನ ಹತ್ತಿರ ಹೋಗಿ ಒಂದು ಖಾನೆಯಿಂದ ಚಿಟಿಕೆಯಷ್ಟು ಮೊಳೆ ತೆಗೆದು ಅಂಗೈ ಮೇಲೆ ಹರಡಿ ನೋಡಿದರು. ಮತ್ತೊಂದು ಖಾನೆ ನೋಡಿದರು, ಇನ್ನೊಂದು ನೋಡಿದರು.

"ಅ ಖಾನೆಗೆ ಅ, ಕ ಖಾನೆಗೆ ಕ ಹಾಕಿ ಹೋಗ್ಯಾರೇನೋ ಪೊಲೀಸ್ರು?"

ಪೊಲೀಸರು ಬಿಚ್ಚಿದ್ದರೆ ನೆಲದ ಮೇಲೆ ಸುರಿದು ತುಳಿದು ಹೋಗುತ್ತಿದ್ದರು. ಸುಳ್ಳು ಹೇಳುವಾಗ ನನಗೆ ಅದು ಹೊಳೆಯಲೇ ಇಲ್ಲ. ಹತ್ತು ವರ್ಷ ಅವರು ಕಲಿಸಿದ ಅಚ್ಚುಕಟ್ಟುತನವೇ ನನ್ನನ್ನು ಹಿಡಿದುಕೊಟ್ಟಿತ್ತು. ನೆಲ ಬಿರಿಯಬಾರದೇ ಅನ್ನಿಸಿತು. ಅವರು ಮೊಳೆಗಳನ್ನು ಜೋಪಾನವಾಗಿ ಖಾನೆಗೆ ಹಾಕಿ, ಕೈ ಒರೆಸಿಕೊಂಡು, ಲಗ್ನಪತ್ರಿಕೆಯ ಕೆಲಸ ಏನಾದರೂ ಬಂದಿದೆಯೇ ಎಂದು ಕೇಳಿದರು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರು ನನಗೆ ಆ ಅವಕಾಶವನ್ನೂ ಕೊಡಲಿಲ್ಲ.

ಪತ್ರಿಕೆ ಮತ್ತೆ ಹೊರಡಲಿಲ್ಲ. ಚೀಲದಲ್ಲಿ ಹೋದ ಪುಸ್ತಕಗಳೂ ಹಾಳೆಗಳೂ ತಿರುಗಿ ಬರಲಿಲ್ಲ. ಮೂರು ವರ್ಷ ಲಗ್ನಪತ್ರಿಕೆಯನ್ನೇ ಅಚ್ಚು ಹಾಕಿದೆವು. ಆಮೇಲೆ ಒಂದು ಬೆಳಿಗ್ಗೆ ರೈಲು ಬಂತು, ಅವರು ಇಳಿಯಲಿಲ್ಲ. ಹರಿಹರಕ್ಕೆ ಹೋದೆ. ಹೊಳೆ ದಂಡೆಗೆ ಹೊರುವಾಗ ಭುಜ ಕೊಡಲು ಹೋದೆ, ಅವರ ಹೆಂಡತಿ ಬೇಡ ಅನ್ನಲಿಲ್ಲ. ಬಹುಶಃ ಯಜಮಾನರು ಆ ಪುಟದ ಮಾತನ್ನು ಮನೆಯಲ್ಲೂ ಹೇಳಿರಲಿಕ್ಕಿಲ್ಲ...

ಈಗ ಟಿವಿಯಲ್ಲಿ ಆ ಯುದ್ಧದ ಮಾತು ಬಂದಾಗಲೆಲ್ಲ ಬೆನ್ನಿಗೆ ಚೂರಿ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಇರಬಹುದು. ಅಲ್ಲ ಎನ್ನಲು, ಹೌದು ಎನ್ನಲು ನನ್ನ ಹತ್ತಿರ ಏನಿದೆ? ವಾಚನಾಲಯಗಳಲ್ಲಿ ಕೇಳಿದ್ದೇನೆ, ಹಳೇ ಕಾಗದದ ಅಂಗಡಿಗಳಲ್ಲಿ ಹುಡುಕಿದ್ದೇನೆ. ಆ ಪತ್ರಿಕೆಯ ಒಂದು ಪ್ರತಿಯೂ ಇಲ್ಲ. ದೆಹಲಿಯ ಇಂಗ್ಲಿಷ್ ಪುಸ್ತಕಗಳು ಮಾತ್ರ ಈಗಲೂ ದೊಡ್ಡ ಲೈಬ್ರರಿಗಳಲ್ಲಿ ಭದ್ರವಾಗಿವೆಯಂತೆ. ಓದುವವರು ಓದಿಕೊಳ್ಳುತ್ತಾರೆ.

ಗ್ಯಾರೇಜಿನಿಂದ ಮನೆಗೆ ಬಂದ ಮೇಲೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟದ್ದು. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆ ಪುಟದಾಗ ಏನಿತ್ತಜ್ಜ? ಮಾತಾಡಾಕೆ ಒಲ್ಲೆ ಅಂದೋರು ಯಾರು?" ಎಂದು ಕೇಳಿದಳು.

ಆ ಪುಟದ ಒಂದೊಂದು ಅಕ್ಷರವನ್ನೂ ನಾನು ಎರಡೆರಡು ಸಲ ಮುಟ್ಟಿದ್ದೇನೆ, ಜೋಡಿಸುವಾಗ ಒಮ್ಮೆ, ಬಿಚ್ಚುವಾಗ ಒಮ್ಮೆ. ಓದಿರಲಿಲ್ಲ.

"ಗೊತ್ತಿಲ್ಲವ್ವ" ಎಂದೆ.